ವಾಸನೆ ಆಗದವಳು

ನಂಜನಗೂಡಿನಲ್ಲಿ ಹುಟ್ಟಿ ರಸಬಾಳೆ ತಿನ್ನದೆ ಬೆಳೆದವಳು ನಾನೊಬ್ಬಳೇ ಇರಬೇಕು. ನನಗೆ ಉಬ್ಬಸ ಬರುತ್ತಿತ್ತು. ಉಬ್ಬಸ ಬರುವ ಮಕ್ಕಳಿಗೆ ಬಾಳೆಹಣ್ಣು ಶೀತ, ಮೊಸರು ಶೀತ, ಸೀಬೆಹಣ್ಣು ಶೀತ, ಸೌತೆಕಾಯಿಯಂತೂ ಕೇಳಲೇಬೇಡಿ. ನಮ್ಮ ಬೀದಿಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಇದನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದರು. ಅಮ್ಮ ತನ್ನ ಕಡೆಯಿಂದ ಕಬ್ಬಿನ ಹಾಲನ್ನೂ ಎಳನೀರನ್ನೂ ಸೇರಿಸಿ ನನ್ನ ಬಾಯಿಗೆ ಪೂರ್ತಿ ಬೀಗ ಹಾಕಿದ್ದಳು.

ನನಗೆ ತಪ್ಪಿದ ಆ ಬಾಳೆಹಣ್ಣು ಎಲ್ಲಿಗೆ ಹೋಗುತ್ತಿತ್ತು ಅಂದರೆ, ದೇವರ ಮುಂದೆ ಹೋಗಿ ಕೂರುತ್ತಿತ್ತು. ಅಮ್ಮ ಅದರ ಹೊಟ್ಟೆಗೆ ಊದಿನಕಡ್ಡಿ ಚುಚ್ಚುತ್ತಿದ್ದಳು. ಹಿತ್ತಾಳೆಯ ಸ್ಟ್ಯಾಂಡು ಮನೆಯಲ್ಲಿತ್ತು, ಆದರೆ ಹಣ್ಣಿಗೆ ಚುಚ್ಚಿದರೇ ಅವಳಿಗೆ ಪೂಜೆ ಮಾಡಿದ ಸಮಾಧಾನ. ನಾಲ್ಕು ಕಡ್ಡಿಗಳ ಹೊಗೆ ನಡುಮನೆಯನ್ನು ತುಂಬಿ ಅಡುಗೆಮನೆಗೆ ನುಗ್ಗುವ ಹೊತ್ತಿಗೆ ನನ್ನ ಎದೆ ಸಿಳ್ಳೆ ಹೊಡೆಯಲು ಶುರುಮಾಡುತ್ತಿತ್ತು. ಆಗ ಅಮ್ಮ ಓಡಿ ಬಂದು ನನ್ನ ಬಾಯಿ ಮೂಸಿ ನೋಡುತ್ತಿದ್ದಳು, ಎಲ್ಲಾದರೂ ಕದ್ದು ಬಾಳೆಹಣ್ಣು ತಿಂದಿದ್ದೀನಾ ಅಂತ. ಅಪರಾಧಿ ಹಣ್ಣು, ಶಿಕ್ಷೆ ನನಗೆ, ಹೊಗೆ ಉಗುಳುತ್ತಾ ಅಲ್ಲೇ ನಿಂತಿದ್ದ ಕಡ್ಡಿಗೆ ಮಾತ್ರ ದೇವರ ಪಕ್ಕದ ಜಾಗ.

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ಮನೆಗೆ ಟಿ.ವಿ. ಬಂತು, ಅದರ ಬೆನ್ನಿಗೇ ಡಬ್ಬಗಳು ಬಂದವು. ಸೀಗೆಪುಡಿ ಚಿಗರೆಪುಡಿ ಕಲಸಿ ತಲೆ ಉಜ್ಜುತ್ತಿದ್ದ ಅಮ್ಮ ಶಾಂಪೂ ಪಾಕೀಟನ್ನು ಹಲ್ಲಲ್ಲಿ ಕಚ್ಚಿ ಹರಿಯುವುದನ್ನು ಕಲಿತಳು. ಬಟ್ಟೆಗೆ ಹೂವಿನ ಚಿತ್ರದ ಸೋಪಿನ ಪುಡಿ, ನೆಲಕ್ಕೆ ಗುಲಾಬಿ ಬಣ್ಣದ ಫಿನಾಯಿಲ್, ಮೈಗೆ ಪೌಡರು, ಬೀರುವಿಗೆ ನುಸಿಗುಳಿಗೆ, ಬಚ್ಚಲಿನ ಗೋಡೆಗೆ ನೇತುಹಾಕುವ ಬಣ್ಣದ ಬಿಲ್ಲೆ. ಪ್ರತಿಯೊಂದಕ್ಕೂ ಒಂದೊಂದು ಪರಿಮಳ, ಒಂದಕ್ಕೂ ಇನ್ನೊಂದರ ಜೊತೆ ಸಂಬಂಧವಿಲ್ಲ. ತೊಳೆದರೆ ಸಾಲದು, ತೊಳೆದದ್ದು ಬೀದಿಗೆಲ್ಲ ಗೊತ್ತಾಗಬೇಕು ಅನ್ನುವುದು ಅಮ್ಮನ ಹೊಸ ನಂಬಿಕೆ. ನಮ್ಮ ಮನೆ ದಾಟಿ ಹೋಗುವವರು ಏನು ಘಮ್ ಅಂತೈತೆ ಅಂದರೆ ಅವಳ ಮುಖ ಅರಳುತ್ತಿತ್ತು. ನಾನು ಒಳಗೆ ಗೋಡೆಗೆ ಒರಗಿ ಉಸಿರು ಎಳೆಯುತ್ತಾ ಕೂತಿರುತ್ತಿದ್ದೆ.

ನನಗೆ ಬುದ್ಧಿ ಬಂದದ್ದು ಬಿಳಿಗೆರೆಯಲ್ಲಿ. ಅಲ್ಲಿಗೆ ನನ್ನ ಚಿಕ್ಕಮ್ಮನನ್ನು ಕೊಟ್ಟಿದ್ದರು. ಆ ಚಿಕ್ಕಪ್ಪ ತಾಲ್ಲೂಕಿಗೇ ಹೆಸರಾದ ಜಿಪುಣ. ಮನೆಯಲ್ಲಿ ಸೋಪು ಅಂತ ಇದ್ದದ್ದು ಬಟ್ಟೆ ಒಗೆಯುವ ಒಂದೇ ಬಾರು, ಅದನ್ನೂ ದಾರದಲ್ಲಿ ಕತ್ತರಿಸಿ ತುಂಡು ತುಂಡಾಗಿ ಹೊರಗೆ ತೆಗೆಯುತ್ತಿದ್ದರು. ಸ್ನಾನಕ್ಕೆ ಹೆಸರುಹಿಟ್ಟು, ತಲೆಗೆ ಹಿತ್ತಲಿನ ಅಂಟುವಾಳದ ಕಾಯಿ, ನೆಲಕ್ಕೆ ಸಗಣಿ. ಊದಿನಕಡ್ಡಿಯನ್ನು ಹಬ್ಬಕ್ಕೆ ಮಾತ್ರ ಹಚ್ಚುವುದು, ಅದೂ ಅರ್ಧ ಉರಿದ ಮೇಲೆ ಆರಿಸಿ ಎತ್ತಿಡುವುದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜೆಗೆ ಅಲ್ಲಿಗೆ ಹೋದ ನಾನು ತಂಗಳನ್ನಕ್ಕೆ ಮೊಸರು ಕಲಸಿ ತಿಂದೆ, ತಣ್ಣೀರಿನಲ್ಲಿ ಮುಳುಗಿದೆ, ತೋಟದಲ್ಲಿ ಕೂತು ಕೈಗೆ ಸಿಕ್ಕಷ್ಟು ರಸಬಾಳೆ ಸುಲಿದೆ. ಒಂದು ದಿನವೂ ಎದೆ ಸಿಳ್ಳೆ ಹೊಡೆಯಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಹೆಂಗಸು ಕೂತಳು. ಕುತ್ತಿಗೆಗೆ ಬಳಿದ ಪೌಡರು ಬೆವರಲ್ಲಿ ಗೆರೆ ಗೆರೆಯಾಗಿತ್ತು. ನಂಜನಗೂಡು ಬರುವಷ್ಟರಲ್ಲಿ ನಾನು ಕಿಟಕಿಯ ಸರಳು ಹಿಡಿದು ಬಾಯಿ ತೆರೆದು ಉಸಿರಾಡುತ್ತಿದ್ದೆ.

ನನ್ನ ಬಾಲ್ಯದ ಉಸಿರನ್ನು ಉಳಿಸಿದ್ದು ಯಾವ ವೈದ್ಯನೂ ಅಲ್ಲ, ಚಿಕ್ಕಪ್ಪನ ಜಿಪುಣತನ. ಇದನ್ನು ಅಮ್ಮನಿಗೆ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, ಬಿಳಿಗೆರೆಯ ಗಾಳಿ ಒಳ್ಳೆಯದು ಅಂದಳು. ಪರಿಮಳಕ್ಕೆ ಯಾರಾದರೂ ಕಾಯಿಲೆ ಬೀಳುತ್ತಾರಾ, ನಾರುವುದಕ್ಕೆ ಕಾಯಿಲೆ ಬೀಳುತ್ತಾರೆ ಅಂತ ನನಗೇ ಪಾಠ ಹೇಳಿದಳು. ಆ ವರ್ಷ ನಾನು ನನ್ನ ಪಾಡಿಗೆ ಹೆಸರುಹಿಟ್ಟಿನ ಡಬ್ಬಿ ಬೇರೆ ಇಟ್ಟುಕೊಂಡೆ. ಕಾಲೇಜಿಗೆ ಬದನವಾಳಿನ ಖಾದಿ ಬಟ್ಟೆಯ ಲಂಗ ಹೊಲಿಸಿಕೊಂಡೆ, ಹೊಸದರಲ್ಲೂ ಅದಕ್ಕೆ ಗಂಜಿಯ ವಾಸನೆ ಬಿಟ್ಟರೆ ಬೇರೇನಿಲ್ಲ. ಗೆಳತಿಯರು ಗಾಂಧಿ ತಾತನ ಮೊಮ್ಮಗಳು ಅಂತ ರೇಗಿಸುತ್ತಿದ್ದರು. ಅವರು ಲೇಡೀಸ್ ರೂಮಿನಲ್ಲಿ ಒಂದೇ ಸೆಂಟಿನ ಶೀಶೆಯನ್ನು ಕೈಯಿಂದ ಕೈಗೆ ದಾಟಿಸಿ ಕಂಕುಳಿಗೆ ಹೊಡೆದುಕೊಳ್ಳುವಾಗ ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದೆ. ಜಂಬದವಳು ಅಂತ ಹೆಸರಾಯಿತು. ಕೆಲವರು ಮಲ್ಲಿಗೆ ಮುಡೀತೀಯಲ್ಲ, ಅದಕ್ಕೆ ವಾಸನೆ ಇಲ್ವಾ ಅಂತ ಲಾಯರಂತೆ ಪ್ರಶ್ನೆ ಹಾಕುತ್ತಿದ್ದರು. ಮಲ್ಲಿಗೆ ಸಂಜೆಗೆ ಬಾಡುತ್ತದೆ, ನಿಮ್ಮ ಶೀಶೆ ನಾಳಿದ್ದಿಗೂ ಬಾಡುವುದಿಲ್ಲ ಅನ್ನುತ್ತಿದ್ದೆ. ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಮದುವೆಯ ಮಾತು ಬಂದಾಗ ಅಮ್ಮ ನನ್ನನ್ನು ಕೂರಿಸಿಕೊಂಡು, ಉಬ್ಬಸದ ಸುದ್ದಿ ಎತ್ತಕೂಡದು ಅಂತ ಆಣೆ ಹಾಕಿಸಲು ನೋಡಿದಳು. ನಾನು ಆಣೆ ಹಾಕಲಿಲ್ಲ. ನರಸೀಪುರದಿಂದ ಗಂಡಿನ ಕಡೆಯವರು ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇದೆ, ಫ್ಯಾನ್ಸಿ ಸ್ಟೋರು ಅಂದರು. ಬಳೆ, ರಿಬ್ಬನ್, ಹೇರ್‌ಪಿನ್ನು ಅಂದುಕೊಂಡೆ. ಉಪ್ಪಿಟ್ಟು ಕೇಸರಿಬಾತು ಮುಗಿದ ಮೇಲೆ ಹುಡುಗನನ್ನೂ ನನ್ನನ್ನೂ ಮಾತಾಡಿಕೊಳ್ಳಿ ಅಂತ ಹಿತ್ತಲಿಗೆ ಬಿಟ್ಟರು. ಅವನು ಚಪ್ಪಲಿಯಿಂದ ಮಣ್ಣು ಕೆದಕುತ್ತಾ ನಿಂತಿದ್ದ. ಬಯಲಲ್ಲಿ ನಿಂತದ್ದಕ್ಕೋ, ಗಾಳಿ ಆ ಕಡೆಗೆ ಇದ್ದದ್ದಕ್ಕೋ, ಅವನಿಂದ ನನಗೆ ಏನೂ ಬಡಿಯಲಿಲ್ಲ.

ನಾನು ಸುತ್ತಿ ಬಳಸದೆ ಹೇಳಿದೆ. "ನನಗೆ ವಾಸನೆ ಆಗಲ್ಲ. ಮೊದಲೇ ಹೇಳ್ತಿದ್ದೀನಿ."

ಅವನು ತಲೆ ಎತ್ತಿದ. ಮುಖದಲ್ಲಿ ಎಂಥದೋ ಹೆಮ್ಮೆ. "ಅದ್ಕೇನೂ ಯೋಚ್ನೆ ಮಾಡ್ಬೇಡಿ ಕಣ್ರೀ. ನಮ್ಮನೇಲಿ ಒಂಚೂರೂ ವಾಸ್ನೆ ಬರಲ್ಲ."

ನನಗೆ ಅಳು ಬರುವಷ್ಟು ಸಂತೋಷವಾಯಿತು. ಒಂಚೂರೂ ವಾಸನೆ ಇಲ್ಲದ ಮನೆ ಲೋಕದಲ್ಲಿ ಇದೆ, ಅದು ನರಸೀಪುರದಲ್ಲಿದೆ, ಆ ಮನೆಯವನೇ ನನ್ನನ್ನು ಕೇಳಿಕೊಂಡು ಬಂದಿದ್ದಾನೆ. ಒಳಗೆ ಹೋಗಿ ಒಪ್ಪಿಗೆ ಅಂದೆ. ನಮ್ಮ ಕಡೆ ವಾಸನೆ ಅಂದರೆ ನಾತ ಅಂತಲೇ ಅರ್ಥ, ಒಳ್ಳೆಯದಕ್ಕೆ ಪರಿಮಳ, ಘಮ ಅನ್ನುತ್ತಾರೆ ಅನ್ನುವುದು ಆ ಕ್ಷಣ ನನ್ನ ತಲೆಗೆ ಹೊಳೆಯಲೇ ಇಲ್ಲ. ಹುಡುಗಿ ಚರಂಡಿ ನಾತ ಸಹಿಸುವುದಿಲ್ಲ, ಅಚ್ಚುಕಟ್ಟಿನವಳು ಅಂತ ಅವನು ತಿಳಿದುಕೊಂಡ. ಒಂದು ಮಾತಿನ ಎರಡು ತುದಿ ಹಿಡಿದು ಇಬ್ಬರೂ ಮದುವೆಯಾದೆವು.

ಧಾರೆ ಮುಗಿಸಿ ಬಾಡಿಗೆ ಕಾರಿನಲ್ಲಿ ನರಸೀಪುರಕ್ಕೆ ಹೊರಟಾಗ ಡ್ರೈವರನ ಮುಂದೆ ಕಿರೀಟದಾಕಾರದ ಸೆಂಟಿನ ಶೀಶೆ ಇತ್ತು. ಗಂಡನ ಕರ್ಚೀಫು ಒದ್ದೆಯಾಗುವಷ್ಟು ಅತ್ತರು ಕುಡಿದಿತ್ತು. ಮನೆಯ ಹೊಸ್ತಿಲಿಗೆ ಬಂದಾಗ ನಾನು ಎದೆ ಹಿಡಿದುಕೊಂಡು ಏದುತ್ತಿದ್ದೆ. ತವರು ಬಿಟ್ಟ ದುಃಖ ಪಾಪ, ಎಂಥ ಮುದ್ದು ಮನಸ್ಸು ಅಂತ ಮುತ್ತೈದೆಯರು ಮೆಚ್ಚಿಕೊಂಡರು. ಬಲಗಾಲಲ್ಲಿ ಸೇರಕ್ಕಿ ಒದ್ದು ಒಳಗೆ ಕಾಲಿಟ್ಟೆ. ಮುಂಭಾಗ ಅಂಗಡಿ, ಹಿಂಭಾಗ ಮನೆ, ನಡುವೆ ಒಂದು ಪರದೆ. ಅಂಗಡಿಯಲ್ಲಿ ಬಳೆಯೂ ಇತ್ತು, ರಿಬ್ಬನ್ನೂ ಇತ್ತು, ಅವೆಲ್ಲ ಒಂದು ಮೂಲೆಯಲ್ಲಿ. ಮಿಕ್ಕ ಮೂರು ಗೋಡೆಗೂ ಸೋಪು, ಪೌಡರು, ಸ್ನೋ, ಊದಿನಕಡ್ಡಿ, ಸೆಂಟು, ನುಸಿಗುಳಿಗೆ, ಲೂಸಿನಲ್ಲಿ ಅತ್ತರು, ಕ್ಯಾನುಗಟ್ಟಲೆ ಬಣ್ಣಬಣ್ಣದ ಫಿನಾಯಿಲ್.

ಇದೇನು ಅಂತ ಗಂಡನನ್ನು ಕೇಳಿದೆ. ಅವನು ನಿಜವಾಗಿಯೂ ಗೊಂದಲಗೊಂಡಿದ್ದ. ವಾಸನೆ ಅಂದ್ರಲ್ಲ, ಪರಿಮಳ ಅಂತ ಹೇಳಬೇಕಿತ್ತು ಅಂದ. ಕನ್ನಡ ಎಂ.ಎ. ಮಾಡಿದವನ ಹಾಗೆ ಪದದ ಅರ್ಥ ಬಿಡಿಸಿ ಕೂತ. ಕೆಟ್ಟವನಲ್ಲ, ಅವತ್ತಿಗೂ ಇವತ್ತಿಗೂ ಒಳ್ಳೆಯವನೇ, ಆದರೆ ಒಳ್ಳೆಯವನಾಗಿರುವುದಕ್ಕಿಂತ ಹೆಚ್ಚಿನದೇನನ್ನೂ ಅವನು ಮಾಡಲಿಲ್ಲ. ಅಂಗಡಿ ಅಪ್ಪನದು, ಮನೆ ಅಪ್ಪನದು, ಮಾತೂ ಅಪ್ಪನದೇ.

ಆ ಅಪ್ಪ, ಅಂದರೆ ನನ್ನ ಮಾವ, ತಲೆಯ ಮೇಲೆ ಸೆಂಟಿನ ಪೆಟ್ಟಿಗೆ ಹೊತ್ತು ಸಂತೆ ಸಂತೆ ತಿರುಗಿ ಅಂಗಡಿ ಕಟ್ಟಿದವರು. ಬೆಳಿಗ್ಗೆ ಕದ ತೆಗೆದ ಕೂಡಲೇ ಎರಡೂ ಕೈಯಲ್ಲಿ ಒಂದೊಂದು ಶೀಶೆ ಹಿಡಿದು ಗಲ್ಲಾ ಪೆಟ್ಟಿಗೆಗೆ, ಕುರ್ಚಿಗೆ, ಪರದೆಗೆ, ಮನೆಯೊಳಗಿನ ದಿವಾನಕ್ಕೆ ಹೊಡೆಯುವುದು ಅವರ ನಿತ್ಯಕರ್ಮ. ನಾನು ಕೆಮ್ಮುತ್ತಾ ಹಿತ್ತಲಿಗೆ ಓಡುವುದನ್ನು ಒಂದು ವಾರ ನೋಡಿದರು. ಆಮೇಲೆ ಕರೆದು ಕೂರಿಸಿ ಏನವ್ವ ಅಂದರು. ಹೇಳಿದೆ, ಈ ಸಲ ಪರಿಮಳ ಅಂತಲೇ ಹೇಳಿದೆ.

"ಅಂಗ್ಡಿ ಅನ್ನ ಆಯ್ತದೆ, ಅಂಗ್ಡಿ ಪರಿಮ್ಳ ಆಗಲ್ವಾ?" ಅಂದರು.

ನನಗೆ ಸಿಟ್ಟೂ ಬಂತು, ಅವಮಾನವೂ ಆಯಿತು. ಆಗಲ್ಲ ಅನ್ನುವುದು ನಮ್ಮ ಭಾಷೆಯಲ್ಲಿ ಬಲು ಕೆಟ್ಟ ಮಾತು. ಬದನೆಕಾಯಿ ಆಗಲ್ಲ ಅಂದರೆ ಮೈ ಕೆರೆಯುತ್ತದೆ ಅಂತ. ನಾದಿನಿ ಆಗಲ್ಲ ಅಂದರೆ ಕಂಡರೆ ಮೈ ಉರಿಯುತ್ತದೆ ಅಂತ. ನಾನು ಬದನೆಕಾಯಿಯ ಅರ್ಥದಲ್ಲಿ ಹೇಳಿದ್ದು ಅವರ ಕಿವಿಗೆ ನಾದಿನಿಯ ಅರ್ಥದಲ್ಲಿ ಬೀಳುತ್ತಿತ್ತು. ಸೊಸೆಗೆ ಅಂಗಡಿ ಆಗಲ್ಲ, ಅಂಗಡಿ ಆಗಲ್ಲ ಅಂದರೆ ಮಾವ ಆಗಲ್ಲ, ಮಾವ ಆಗಲ್ಲ ಅಂದರೆ ಮನೆತನವೇ ಆಗಲ್ಲ. ಇಷ್ಟು ದೂರ ನಡೆದು ಹೋಗುತ್ತಿತ್ತು ಆ ಒಂದು ಮಾತು.

ಅಡುಗೆಮನೆಯ ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆ ಒಟ್ಟುವ ಒಂದು ಕೋಣೆ ಇತ್ತು, ಹಿತ್ತಲಿಗೆ ಬಾಗಿಲು. ಅದನ್ನು ಖಾಲಿ ಮಾಡಿಸಿ, ನೆಲ ಗೋಡೆ ಬರೀ ನೀರಿನಲ್ಲಿ ತೊಳೆದು, ಸುಣ್ಣ ಹೊಡೆಸಿ ನಾನು ಅಲ್ಲಿ ಸೇರಿಕೊಂಡೆ. ಗಂಡ ಅಲ್ಲಿಗೆ ಬರಬೇಕಾದರೆ ಅಂಗಡಿಯ ಅಂಗಿ ಕಳಚಿ, ಹೆಸರುಹಿಟ್ಟಿನಲ್ಲಿ ಮೈ ತೊಳೆದು ಬರಬೇಕು. ಬರುತ್ತಿದ್ದ, ಗೊಣಗುತ್ತಾ. ನನ್ನ ಬಟ್ಟೆಯನ್ನು ನಾನೇ ಅಂಟುವಾಳದ ನೀರಿನಲ್ಲಿ ಒಗೆದು ಬೇರೆ ತಂತಿಗೆ ಹಾಕುತ್ತಿದ್ದೆ. ಆ ತಂತಿಯಿಂದ ದೊಡ್ಡ ರಾದ್ಧಾಂತವೇ ಆಯಿತು. ಪಕ್ಕದ ಹಿತ್ತಲಿನವರು ಇಣುಕಿ ನೋಡಿ, ಸೊಸೆ ಬೇರೆ ಒಗೀತಾಳೆ, ಬೇರೆ ಒಣಗಿಸ್ತಾಳೆ, ಇನ್ನು ಬೇರೆ ಒಲೆ ಹೂಡುವುದೊಂದು ಬಾಕಿ ಅಂತ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ ಮುಟ್ಟಿಸಿದರು. ನಾಲ್ಕು ಸೀರೆ ಒಣಗುವ ತಂತಿಯಲ್ಲಿ ಊರಿನವರಿಗೆ ಮನೆ ಒಡೆಯುವ ಲಕ್ಷಣ ಕಂಡಿತ್ತು.

ಇದಕ್ಕೆಲ್ಲ ಉಪ್ಪು ಖಾರ ಹಚ್ಚುತ್ತಿದ್ದವರು ಅತ್ತೆ. ಮಧ್ಯಾಹ್ನ ಮಾವ ಮಲಗಿದಾಗ ಅವರೇ ಗಲ್ಲಾದಲ್ಲಿ ಕೂರುತ್ತಿದ್ದರು. ಬಂದ ಗಿರಾಕಿಗಳಿಗೆಲ್ಲ ನಮ್ಮ ಸೊಸೆಯ ಮೂಗು ಮೈಸೂರಿನವರೆಗೂ ಉದ್ದ, ಇಲ್ಲಿ ಶೀಶೆ ಬಿರಡೆ ತೆಗೆದರೆ ಅಲ್ಲಿ ಏದುಸಿರು ಬಿಡುತ್ತಾಳೆ ಅಂತ ನಗಿಸುತ್ತಿದ್ದರು. ಮಾತಿನ ನಡುವೆ ಗಂಟಲು ಕೆರೆದುಕೊಂಡು ಕೆಮ್ಮುತ್ತಿದ್ದರು, ಬಾಯಿಗೆ ಲವಂಗ ಹಾಕಿಕೊಳ್ಳುತ್ತಿದ್ದರು. ಅವರ ಕೆಮ್ಮು ಆ ಮನೆಯಲ್ಲಿ ಗಡಿಯಾರದ ಸದ್ದಿನಷ್ಟು ಹಳೆಯದು, ಯಾರ ಕಿವಿಗೂ ಬೀಳುತ್ತಿರಲಿಲ್ಲ. ನನಗೂ ಬೀಳುತ್ತಿರಲಿಲ್ಲ, ಆಡಿದ ಮಾತುಗಳು ಮಾತ್ರ ಬೀಳುತ್ತಿದ್ದವು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಈ ಸಲ ನಾದಿನಿಯ ಅರ್ಥದಲ್ಲೇ.

ಮೈಸೂರಿನ ಡಾಕ್ಟರರೊಬ್ಬರು ನನಗೆ ಇನ್ಹೇಲರ್ ಬರೆದುಕೊಟ್ಟರು. ಅದನ್ನು ಮನೆಯವರು ಪಂಪು ಅಂದರು. ಪಂಪು ಅಭ್ಯಾಸವಾದರೆ ಬಿಡುವುದಿಲ್ಲ, ಎದೆ ಸೊರಗುತ್ತದೆ ಅಂತ ಅತ್ತೆ ಬಂದವರಿಗೆಲ್ಲ ಹೇಳಿದರು. ಬೀಡಿ ಸೇದುವ ನೆಂಟರು ಅದಕ್ಕೆ ತಲೆಯಾಡಿಸಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಇನ್ನೊಂದು ನಾಟಕ ಶುರುವಾಯಿತು. ಎಲ್ಲ ಡಬ್ಬಗಳ ಮೇಲೂ ಹಸಿರು ಎಲೆ ಮೂಡಿತು. ಹರ್ಬಲ್ ಅಂತೆ, ನೈಸರ್ಗಿಕವಂತೆ. ಮಾವ ಒಂದು ದಿನ ಸಂತೋಷದಿಂದ ಒಂದು ಸೋಪು ತಂದು, ನಿನಗೇ ಅಂತ ತರಿಸಿದೆ ಕಣವ್ವ, ಬೇವು ತುಳಸಿ, ಸೆಂಟೇ ಇಲ್ಲ ಅಂದರು. ಅವರು ಪರದೆ ದಾಟುವ ಮೊದಲೇ ಅದು ನನ್ನ ಕೋಣೆಗೆ ಬಂದು ಮುಟ್ಟಿತ್ತು. ಬೇವಿನ ಮರದ ಕೆಳಗೆ ಮೂರು ವರ್ಷ ನಿಂತವಳು ನಾನು, ಆ ಸೋಪಿನಲ್ಲಿದ್ದ ಬೇವು ಯಾವ ಮರದಲ್ಲೂ ಬೆಳೆದದ್ದಲ್ಲ. ಹಾಗಂತ ಹಳೆಯದೆಲ್ಲ ಅಮೃತ ಅನ್ನುವವರ ಗುಂಪಿಗೂ ನನ್ನನ್ನು ಸೇರಿಸಬೇಡಿ. ಅಪ್ಪಟ ಸಾಂಬ್ರಾಣಿಯ ಹೊಗೆಯೂ ನನ್ನ ಎದೆಯನ್ನು ಅಷ್ಟೇ ಅಚ್ಚುಕಟ್ಟಾಗಿ ಹಿಂಡುತ್ತದೆ. ಎಲೆಯ ಚಿತ್ರ ನೋಡಿ ಉಸಿರಾಡುವುದನ್ನು ನನ್ನ ಶ್ವಾಸಕೋಶ ಇನ್ನೂ ಕಲಿತಿಲ್ಲ.

ಆಮೇಲೆ ಬಂತು ಪರಿಮಳದ ವಿಭೂತಿ. ಸಗಣಿಯನ್ನು ಸುಟ್ಟು, ಬೂದಿಯನ್ನು ಸೋಸಿ, ಗಟ್ಟಿ ಮಾಡಿ ಹಣೆಗೆ ಇಟ್ಟುಕೊಳ್ಳುವ ವಿಭೂತಿಗೂ ಸೆಂಟು ಬೆರೆಸಿ ಬಣ್ಣದ ಡಬ್ಬಿಯಲ್ಲಿ ಮಾರಲು ಶುರುಮಾಡಿದ್ದರು. ಎಲ್ಲವೂ ಸುಟ್ಟು ಬೂದಿಯಾಗುತ್ತದೆ ಅಂತ ನೆನಪಿಸುವುದಕ್ಕೆ ಇರುವ ವಸ್ತುವಿಗೆ ಗುಲಾಬಿ ಘಮ. ಮಾವನ ಅಂಗಡಿಯಲ್ಲಿ ಅದು ಬಿಸಿ ಬೋಂಡದಂತೆ ಹೋಯಿತು. ಮನೆಯಲ್ಲಿ ಪೂಜೆಯಿಟ್ಟುಕೊಂಡ ದಿನ ಮಠದ ಕಡೆಯ ಅಯ್ಯನವರೊಬ್ಬರು ಬಂದರು, ನೆಂಟರು ತುಂಬಿದ್ದರು. ಅಯ್ಯನವರು ಆ ಡಬ್ಬಿಗೆ ಬೆರಳು ಅದ್ದಿ ಒಬ್ಬೊಬ್ಬರ ಹಣೆಗೂ ಹಚ್ಚುತ್ತಾ ಬಂದರು. ನನ್ನ ಸರದಿ ಬಂದಾಗ ನಾನು ಹಿಂದೆ ಸರಿದು, ಈ ವಿಭೂತಿ ನನಗೆ ಆಗಲ್ಲ ಅಂದೆ. ಬೇರೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ, ಆಗಲೇ ಉಸಿರು ಕಟ್ಟಿತ್ತು.

ಅಯ್ಯನವರು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ, ವಿಭೂತಿ ಆಗದವರಿಗೆ ಇನ್ನೇನು ತಾನೆ ಆಗುತ್ತೆ ಅಂದು ಮುಂದೆ ಹೋದರು. ನೆಂಟರೊಬ್ಬರು ನಕ್ಕರು. ಮಾವನ ಮುಖ ಕಪ್ಪಿಟ್ಟಿತು. ಎಲ್ಲರಿಗಿಂತ ಮೊದಲು ಬಾಯಿ ತೆರೆದವರು ಅತ್ತೆ, ಇವಳಿಗೆ ಶಿವನೂ ಆಗಲ್ಲ ಅಂದರು. ಅಷ್ಟು ಹೇಳುವುದರೊಳಗೆ ಅವರಿಗೇ ಕೆಮ್ಮು ಹತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಭಕ್ತಿಯಿಂದ ಗಂಟಲು ಕಟ್ಟಿತು ಅಂದುಕೊಂಡರೋ ಏನೋ ಜನ.

ಅದಾಗಿ ಸ್ವಲ್ಪ ದಿನಕ್ಕೆ ಅತ್ತೆ ನನ್ನ ಕೋಣೆಗೆ ಬರಲು ಶುರುಮಾಡಿದರು. ಮೊದಲು ಅವರೇಕಾಯಿ ಬಿಡಿಸುವ ನೆಪ. ಅಲ್ಲಿ ಬೆಳಕು ಚೆನ್ನಾಗಿದೆ ಅಂದರು. ಆಮೇಲೆ ಅಕ್ಕಿಯ ಕಲ್ಲು ಆರಿಸುವ ನೆಪ. ಕಾವಲು ಕಾಯಲು ಬರುತ್ತಾರೆ, ಏನು ಬಚ್ಚಿಟ್ಟಿದ್ದೇನೋ ನೋಡಲು ಬರುತ್ತಾರೆ ಅಂತ ನಾನು ಮುಖ ಸಿಂಡರಿಸಿಕೊಂಡು ಇರುತ್ತಿದ್ದೆ. ಅವರು ಹಿತ್ತಲ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ನೋಡುತ್ತೇನೆ, ಮೊರದಲ್ಲಿ ಅಕ್ಕಿಯೇ ಇರಲಿಲ್ಲ. ಖಾಲಿ ಮೊರ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಉಸಿರಾಡುತ್ತಿದ್ದರು.

ನಾನು ನೋಡಿದ್ದು ಗೊತ್ತಾಗಿ ಎದ್ದು ಹೋಗಿ ಅಂಗಡಿ ಕಡೆಯ ಬಾಗಿಲು ಮುಚ್ಚಿ ಬಂದರು.

"ಆ ಪಂಪು ಒಂದ್ಸಲ ಕೊಡವ್ವ," ಅಂದರು.

ಎಷ್ಟು ವರ್ಷದಿಂದ ಅಂತ ಕೇಳಿದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅಂದರು. ಹೆಮ್ಮಿಗೆಯ ತವರಿನಲ್ಲಿ ಗದ್ದೆ ಕೆಲಸ ಮಾಡುವಾಗ ಒಂದು ದಿನವೂ ಕೆಮ್ಮಿದವರಲ್ಲವಂತೆ. ಹಾಗಾದರೆ ನನ್ನನ್ನು ಊರೆಲ್ಲ ಆಡಿಕೊಂಡು ನಕ್ಕಿರಲ್ಲ, ಶಿವ ಆಗಲ್ಲ ಅಂದಿರಲ್ಲ ಅಂತ ನನ್ನ ದನಿ ಏರಿತು. ಅವರು ಕೈ ಸನ್ನೆ ಮಾಡಿ ತಗ್ಗಿಸು ಅಂದರು.

"ನೀನು ಒರಗಿಂದ ಬಂದೋಳು, ಆಗಲ್ಲ ಅಂದ್ರೆ ಕಾಯ್ಲೆ ಅಂತಾರೆ. ಸೆಂಟಿನಂಗ್ಡಿಯೋನ ಎಂಡ್ರು ಅಂಗಂದ್ರೆ ಅಂಗ್ಡಿಗೆ ಯಾರವ್ವ ಬತ್ತಾರೆ? ನಿಮ್ಮಾವಂಗೆ ಏಳ್ಬ್ಯಾಡ. ಎದೆ ಒಡ್ಕೊಂಡೋಯ್ತಾರೆ."

ನನಗೆ ಬಂದ ಸಿಟ್ಟು ಇಷ್ಟು ಅಂತ ಹೇಳಲಾರೆ. ಎಲ್ಲರಿಗಿಂತ ಜೋರಾಗಿ ನನ್ನನ್ನು ಹಂಗಿಸಿದ್ದು ತನ್ನ ಕೆಮ್ಮನ್ನು ಮರೆಮಾಡಲು. ಆದರೆ ಎದುರಿಗೆ ಕೂತಿದ್ದ ಹೆಂಗಸಿನ ಕತ್ತಿನ ಗುಳಿ ಉಸಿರಿಗೊಮ್ಮೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅದು ಹೇಗಿರುತ್ತದೆ ಅಂತ ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಕಣ್ಣು ತೋರಿಸುವ ನೆಪದಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ನನ್ನ ಡಾಕ್ಟರರ ಹತ್ತಿರವೇ ತೋರಿಸಿದೆ. ಉಬ್ಬಸವೇ ಅಂದರು, ಬಹಳ ಹಳೆಯದು ಅಂದರು. ಬರುವಾಗ ನಾಟಕ ಕೆಡಬಾರದು ಅಂತ ಒಂದು ಕನ್ನಡಕವನ್ನೂ ಕೊಡಿಸಿಕೊಂಡು ಬಂದೆವು.

ಅತ್ತೆಯ ಪಂಪು ನನ್ನ ಕೋಣೆಯಲ್ಲಿ ಇರುತ್ತಿತ್ತು. ದಿನಾ ಬಂದು ಎಳೆದುಕೊಂಡು, ಹಿತ್ತಲ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತು, ಮುಖ ಒರೆಸಿಕೊಂಡು ಗಲ್ಲಾಕ್ಕೆ ಹೋಗುತ್ತಿದ್ದರು. ಅಲ್ಲಿ ಕೂತು ನಮ್ಮ ಸೊಸೆಯ ಮೂಗು ಅಂತ ಮತ್ತೆ ಶುರು. ನಾನು ಪರದೆಯ ಈಚೆ ಕೇಳಿಸಿಕೊಂಡು ಹಲ್ಲು ಕಡಿಯುತ್ತಿದ್ದೆ. ಒಂದೊಂದು ಸಲ ನಗುವೂ ಬರುತ್ತಿತ್ತು. ಈ ವೇಷವನ್ನು ಅವರು ಒಂದು ದಿನವೂ ಕಳಚಲಿಲ್ಲ. ನನ್ನ ಬೇರೆ ತಂತಿಯ ಮೇಲೆ ಯಾರಿಗೂ ಕಾಣದಂತೆ, ನನ್ನ ಸೀರೆಗಳ ಕೆಳಗೆ, ತಮ್ಮದೊಂದು ರವಿಕೆಯನ್ನೋ ಟವಲ್ಲನ್ನೋ ಒಣಹಾಕುವುದನ್ನೂ ರೂಢಿ ಮಾಡಿಕೊಂಡರು. ಮಾವನೂ ಇಲ್ಲದ, ಅಂಗಡಿಯೂ ಇಲ್ಲದ ಈಗ ಇದನ್ನು ಹೇಳಿದರೆ ಯಾರ ಎದೆಯೂ ಒಡೆಯುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಮೇಲೆ ಅತ್ತೆ ಹೋದರು. ಉಬ್ಬಸದಿಂದಲೇ ಅಂತ ಹೇಳಲಾರೆ. ಹೃದಯ ಅಂದರು ಡಾಕ್ಟರು. ಬೆಳಿಗ್ಗೆ ಹೋದರು, ಮಧ್ಯಾಹ್ನದ ಹೊತ್ತಿಗೆ ನೆಂಟರು ಸೇರಿದರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಗೋಡೆಗೆ ಒರಗಿಸಿ ಕೂರಿಸಿ, ಸೀರೆ ಉಡಿಸಿ, ಹಣೆಗೆ ವಿಭೂತಿ ಇಟ್ಟರು, ಪರಿಮಳ ಬೆರೆಸದ ಗಟ್ಟಿಯದು, ನಾನೇ ಒಳಗಿಂದ ತಂದುಕೊಟ್ಟದ್ದು. ಬಂದವರು ಹಚ್ಚುವ ಊದಿನಕಡ್ಡಿಗೆ ಬೀದಿಯಲ್ಲಿ ಮರಳಿನ ಬಕೀಟು ಇಡಿಸಿದೆ. ಇವತ್ತೂ ಬಿಡಲಿಲ್ಲ ನೋಡು ಇವಳು ಅಂತ ಯಾರೋ ಗೊಣಗಿದ್ದು ಕೇಳಿಸಿತು.

ಮಾವ ಮೂಲೆಯಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ ಎದ್ದು ಪರದೆ ಸರಿಸಿ ಅಂಗಡಿಗೆ ಹೋದರು. ಬರುವಾಗ ಕೈಯಲ್ಲಿ ಒಂದು ಶೀಶೆ ಇತ್ತು. ಗಾಜಿನ ಬೀರುವಿನ ಮೇಲಿನ ಅರೆಯಲ್ಲಿ ಯಾರಿಗೂ ಮಾರದೆ ಇಟ್ಟಿದ್ದ ಅತ್ತರು ಅದು. ಬಿರಡೆ ತೆಗೆದರು. ಬದುಕಿಡೀ ಅಂಗಡಿಯಲ್ಲಿ ಕೂತಳು, ಒಂದು ದಿನ ಒಂದು ಶೀಶೆ ಬೇಕು ಅಂತ ಕೇಳಲಿಲ್ಲ ಅಂದರು. ಅತ್ತೆಯ ಸೀರೆಯ ಮೇಲೆ ಶೀಶೆ ಬಗ್ಗಿಸಲು ಹೋದರು.

ನಾನು ಅವರ ಕೈ ಹಿಡಿದೆ.

"ಬೇಡ ಮಾವ. ಆಗಲ್ಲ."

ಇಡೀ ಮನೆ ನನ್ನನ್ನು ನೋಡಿತು. ಆಗದಿದ್ದದ್ದು ಯಾರಿಗೆ ಅನ್ನುವುದು ಬಾಯಿಗೆ ಬಂದೇಬಿಟ್ಟಿತ್ತು. ಮಾವನ ಮುಖ ನೋಡಿದೆ. ಆ ಮುಖಕ್ಕೆ ಇನ್ನೊಂದು ಸುದ್ದಿ ತಡೆಯುವ ಶಕ್ತಿ ಇರಲಿಲ್ಲ. ಈ ಅಂಗಡಿಯ ಅನ್ನವನ್ನು ನಾನೂ ಇಷ್ಟು ವರ್ಷ ತಿಂದಿದ್ದೆ.

"ಇವತ್ತಾದ್ರೂ ನಿಂದು ಬುಡವ್ವ," ಅಂದರು ಅವರು. ಸಿಟ್ಟಿರಲಿಲ್ಲ, ಬೇಡುವಂತಿತ್ತು.

"ನನಗೆ ಆಗಲ್ಲ ಮಾವ," ಅಂದೆ. "ಅತ್ತೆ ಪಕ್ಕದಲ್ಲಿ ಕೊನೇವರೆಗೂ ಕೂತಿರ್ಬೇಕು ನಾನು. ನೀವು ಅದನ್ನ ಹಾಕಿದ್ರೆ ಎದ್ದು ಹೋಗ್ಬೇಕಾಗುತ್ತೆ."

ಅವರು ನನ್ನನ್ನು, ಅತ್ತೆಯನ್ನು, ಶೀಶೆಯನ್ನು ನೋಡಿದರು. ಬಿರಡೆ ಹಾಕಿ ಜೇಬಿಗೆ ಇಟ್ಟುಕೊಂಡರು. ಹೆಂಗಸರ ನಡುವೆ ಗುಸುಗುಸು ಎದ್ದಿತು. ಹೆಣದ ಮುಂದೆಯೂ ತನ್ನ ಅನುಕೂಲವೇ ಆಯಿತಲ್ಲ, ಅತ್ತೆಗೆ ಒಂದು ತೊಟ್ಟು ಅತ್ತರು ಬೀಳಗೊಡಲಿಲ್ಲ, ಎಂಥ ಕಲ್ಲು ಅಂದರು. ನನ್ನ ಗಂಡ ತಲೆ ತಗ್ಗಿಸಿದ. ನಾನು ಅತ್ತೆಯ ಪಕ್ಕದಲ್ಲಿ ಕೂತು ಜಾರುತ್ತಿದ್ದ ಸೆರಗನ್ನು ಸರಿಮಾಡಿದೆ. ಬೇರೆ ದಿನವಾಗಿದ್ದರೆ ಆ ಹೆಂಗಸರಿಗೆ ಒಬ್ಬೊಬ್ಬರಿಗೂ ಸರಿಯಾಗಿ ಕೊಡುತ್ತಿದ್ದೆ.

ಸಂಜೆ ಹೆಮ್ಮಿಗೆಯ ಹತ್ತಿರ ಅವರ ತವರಿನವರು ಕೊಟ್ಟಿದ್ದ ತುಂಡು ಹೊಲದಲ್ಲಿ ಇಳಿಸಿದರು. ಚೆಂಡುಹೂವು, ಬೂದಿ, ಮಣ್ಣು, ಅಷ್ಟೇ. ಊರಲ್ಲಿ ನನ್ನ ಹೆಸರು ಆವತ್ತಿನಿಂದ ಇನ್ನಷ್ಟು ಕೆಟ್ಟಿತು, ಅತ್ತೆಯದು ಇದ್ದ ಹಾಗೇ ಉಳಿಯಿತು.